ಹಿಡಿದದ್ದಾಯಿತು, ಇನ್ನು ರುಜುವಾತು

"ಕೊಲೆಗಾರ ಸಿಕ್ಕಿಬಿದ್ದ. ಆದರೂ ಇನ್ನೂ ಮೂರು ತಾಸು ಕಥೆ ಬಾಕಿ ತೋರಿಸ್ತಾ ಇದೆ. ಬರೀ ಕೋರ್ಟ್ ಸೀನು. ಓಡಿಸಿಬಿಡಲಾ?" ಸರಣಿ ಹಂತಕನ ಬೆನ್ನುಹತ್ತುವ ಲೀಗಲ್ ಥ್ರಿಲ್ಲರ್‌ಗಳನ್ನು ಆಡಿಯೋ ಬುಕ್‌ನಲ್ಲಿ ಕೇಳುವ ಚಟಕ್ಕೆ ಬಿದ್ದವರು ಈ ಪ್ರಶ್ನೆಯನ್ನು ನನಗೆ ಬೇರೆ ಬೇರೆ ಮಾತಿನಲ್ಲಿ ಕೇಳುತ್ತಲೇ ಇದ್ದಾರೆ. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ: ನಮ್ಮ ಕೋರ್ಟುಗಳಲ್ಲೂ ಹೀಗೇ ನಡೆಯುತ್ತದಾ? ಪುಸ್ತಕವಾದರೆ ಹಾಳೆ ತಿರುವಿ ಕೊನೆ ನೋಡಿಬಿಡಬಹುದು. ಕಿವಿಯ ಕಥೆಯಲ್ಲಿ ಆ ಅನುಕೂಲ ಇಲ್ಲ, ಉಳಿದ ಹೊತ್ತು ಮಾತ್ರ ಕಣ್ಣೆದುರು ಕೂತಿರುತ್ತದೆ. ಹಾಗಾಗಿ ಓಡಿಸುವ ಆಸೆ ಸಹಜ. ನನ್ನ ಉತ್ತರ ಇಷ್ಟೇ: ಓಡಿಸುವುದೇ ಆದರೆ ಮೊದಲ ಐದು ತಾಸು ಓಡಿಸಿ, ಕೊನೆಯ ಮೂರನ್ನು ಕೂತು ಕೇಳಿ. ಯಾಕೆ ಅನ್ನುವುದಕ್ಕೆ ನಾನಿರುವ ಪುಣೆಯದೇ ಒಂದು ಪ್ರಕರಣ ಇದೆ.

ಮೊದಲು ಆ ಎರಡನೆಯ ಪ್ರಶ್ನೆ ಮುಗಿಸೋಣ. ನಾವು ಕೇಳುವ ಇಂಥ ಕಥೆಗಳಲ್ಲಿ ಹೆಚ್ಚಿನವು ಅಮೆರಿಕದವು, ಇಲ್ಲವೇ ಅಮೆರಿಕದ ಅಚ್ಚಿನಲ್ಲಿ ಎರಕ ಹೊಯ್ದವು. ಅಲ್ಲಿ ಹನ್ನೆರಡು ಜನ ಜ್ಯೂರಿ ಕೂತಿರುತ್ತಾರೆ, ವಕೀಲ ಅವರ ಮುಂದೆ ಅತ್ತಿಂದಿತ್ತ ನಡೆಯುತ್ತಾ ನಾಟಕ ಆಡುತ್ತಾನೆ, ನ್ಯಾಯಾಧೀಶರು ಸುತ್ತಿಗೆ ಕುಟ್ಟುತ್ತಾರೆ. ನಮ್ಮಲ್ಲಿ ಸುತ್ತಿಗೆ ಇರುವುದು ಸಿನಿಮಾದವರ ಕೋರ್ಟಿನಲ್ಲಿ ಮಾತ್ರ. ಜ್ಯೂರಿ ನಮ್ಮಲ್ಲೂ ಇತ್ತು. 1959ರಲ್ಲಿ ಮುಂಬೈಯ ನಾನಾವತಿ ಪ್ರಕರಣದಲ್ಲಿ ಜ್ಯೂರಿಯ ಒಂಬತ್ತರಲ್ಲಿ ಎಂಟು ಮಂದಿ ಆ ನೌಕಾಪಡೆ ಅಧಿಕಾರಿ ನಿರ್ದೋಷಿ ಎಂದರು. ಸೆಷನ್ಸ್ ನ್ಯಾಯಾಧೀಶರು ಅದನ್ನು ಒಪ್ಪದೆ ಹೈಕೋರ್ಟಿಗೆ ಕಳಿಸಿದರು, ಹೈಕೋರ್ಟ್ ಶಿಕ್ಷೆ ಕೊಟ್ಟಿತು. 1973ರ ದಂಡ ಪ್ರಕ್ರಿಯಾ ಸಂಹಿತೆ ಬರುವ ಹೊತ್ತಿಗೆ ಕ್ರಿಮಿನಲ್ ವಿಚಾರಣೆಯಲ್ಲಿ ಜ್ಯೂರಿಗೆ ಜಾಗವೇ ಉಳಿಯಲಿಲ್ಲ. ಇಲ್ಲಿ ಒಬ್ಬರೇ ನ್ಯಾಯಾಧೀಶರು, ಪಕ್ಕದಲ್ಲಿ ಟೈಪ್ ಮಾಡುವವರು, ಬಾಗಿಲಲ್ಲಿ ಹೆಸರು ಕೂಗುವ ಜವಾನ, ಮುಂದಿನ ತಾರೀಖು ಬರೆದುಕೊಳ್ಳುವ ಗುಮಾಸ್ತ. ನೋಡುವುದಕ್ಕೆ ಬೇಸರದ ಜಾಗ. ಆದರೆ ಕೇಳುವುದಕ್ಕೆ ಹಾಗಲ್ಲ.

ಇನ್ನು ನಾನು ಹೇಳಿದ ಪ್ರಕರಣ. ಪುಣೆಯ ನಮ್ಮ ಧನಕವಡಿಯಿಂದ ಊರೊಳಗೆ ಹೋಗುವ ಬಸ್ಸು ಸಾತಾರಾ ರಸ್ತೆ ಹಿಡಿದು ಸ್ವಾರ್‌ಗೇಟಿಗೆ ಬರುತ್ತದೆ. ಅಲ್ಲಿಂದ ತುಸು ದೂರದಲ್ಲೇ ಸಾರಸ್‌ಬಾಗ್, ಅದಕ್ಕೆ ಹೊಂದಿಕೊಂಡು ಪೇಶ್ವೆ ಪಾರ್ಕ್. ಹಿಂದೆ ಅಲ್ಲೇ ಪುಣೆಯ ಮೃಗಾಲಯ ಇತ್ತು. ಆ ಪ್ರಾಣಿಗಳೆಲ್ಲ ಆಮೇಲೆ ನಮ್ಮ ಪಕ್ಕದ ಕಾತ್ರಜ್‌ಗೆ ವಾಸ ಬದಲಿಸಿದವು. ಟಿಳಕ್ ರಸ್ತೆಗೆ ಹೊರಳಿದರೆ ಅಭಿನವ್ ಕಲಾ ಮಹಾವಿದ್ಯಾಲಯ. ಎಪ್ಪತ್ತರ ದಶಕದಲ್ಲಿ ಅಲ್ಲಿ ಕಮರ್ಷಿಯಲ್ ಆರ್ಟ್ ಕಲಿಯುತ್ತಿದ್ದ ರಾಜೇಂದ್ರ ಜಕ್ಕಲ್, ದಿಲೀಪ್ ಸುತಾರ್, ಶಾಂತಾರಾಮ್ ಜಗತಾಪ್, ಮುನವ್ವರ್ ಶಾ ಎಂಬ ನಾಲ್ವರು 1976ರ ಜನವರಿಯಿಂದ 1977ರ ಮಾರ್ಚ್‌ವರೆಗೆ ಹತ್ತು ಜನರನ್ನು ಕೊಂದರು. ಜೋಶಿ-ಅಭ್ಯಂಕರ್ ಕೊಲೆಗಳು ಎಂದರೆ ಇಂದಿಗೂ ಪುಣೆಯ ಹಿರಿಯರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಮೊದಲು ಸತ್ತವನು ಪ್ರಕಾಶ್ ಹೆಗ್ಡೆ, ಅವರದೇ ಕಾಲೇಜಿನ ಹುಡುಗ. ಅವನ ತಂದೆಗೆ ಕಾಲೇಜಿನ ಹಿಂಭಾಗದಲ್ಲಿ ಹೋಟೆಲ್ ಇತ್ತು. ಹೆಗ್ಡೆ ಎಂಬ ಅಡ್ಡಹೆಸರು, ಹೋಟೆಲಿನ ಕಸುಬು, ಇವೆರಡನ್ನೂ ಒಟ್ಟಿಗೆ ಕೇಳಿದ ಪುಣೆಯ ಕನ್ನಡಿಗರಿಗೆ ಮುಂದಿನದನ್ನು ಹೇಳಬೇಕಿಲ್ಲ. ಏನೋ ನೆಪ ಹೇಳಿ ಅವನನ್ನು ಕರ್ವೆ ರಸ್ತೆಯ ತಗಡಿನ ಶೆಡ್ಡಿಗೆ ಕರೆದೊಯ್ದು, ಮನೆ ಬಿಟ್ಟು ಹೋಗುತ್ತಿದ್ದೇನೆ ಎನ್ನುವ ಧಾಟಿಯಲ್ಲಿ ತಂದೆಗೆ ಚೀಟಿ ಬರೆಸಿಕೊಂಡರು. ರಾತ್ರಿ ಪೇಶ್ವೆ ಪಾರ್ಕಿನಲ್ಲಿ ನೈಲಾನ್ ಹಗ್ಗದಿಂದ ಕುತ್ತಿಗೆ ಬಿಗಿದರು. ಹೆಣವನ್ನು ಕಬ್ಬಿಣದ ಬ್ಯಾರೆಲ್ಲಿಗೆ ಹಾಕಿ, ಮೇಲೆ ಕಲ್ಲು ತುಂಬಿ, ಕೆರೆಗೆ ನೂಕಿದರು. ಹಣಕ್ಕಾಗಿ ಮಾಡಿದ ಕೆಲಸ, ಹಣ ಕೇಳುವ ಕಾಗದವನ್ನೂ ತಂದೆಗೆ ಮುಟ್ಟಿಸಿದರು. ಪೊಲೀಸರ ಪುಸ್ತಕದಲ್ಲಿ ಆ ಹುಡುಗ ಒಂದು ವರ್ಷಕ್ಕೂ ಮೇಲ್ಪಟ್ಟು 'ಕಾಣೆಯಾದವನು' ಆಗಿಯೇ ಉಳಿದ.

ಅದೇ 1976ರ ಅಕ್ಟೋಬರ್ 31ರ ರಾತ್ರಿ ವಿಜಯನಗರ ಕಾಲೊನಿಯ ಜೋಶಿ ದಂಪತಿ ಮತ್ತು ಅವರ ಹದಿಹರೆಯದ ಮಗ. ನವೆಂಬರಿನಲ್ಲಿ ಶಂಕರಶೇಟ್ ರಸ್ತೆಯ ಒಂದು ಬಂಗಲೆಗೆ ನುಗ್ಗಿದರು. ಅಲ್ಲಿಯವರು ತಿರುಗಿಬಿದ್ದದ್ದರಿಂದ ಓಡಿಹೋದರು. ಡಿಸೆಂಬರ್ 1ರಂದು ಭಂಡಾರ್‌ಕರ್ ರಸ್ತೆಯ 'ಸ್ಮೃತಿ' ಬಂಗಲೆ. ಅಲ್ಲಿದ್ದವರು ಕಾಶೀನಾಥಶಾಸ್ತ್ರಿ ಅಭ್ಯಂಕರ್. ಸಂಸ್ಕೃತ ವ್ಯಾಕರಣ ಓದಿದ ನಮ್ಮ ಕಡೆಯ ಮೇಷ್ಟ್ರುಗಳು ಅವರ ವ್ಯಾಕರಣ ಪಾರಿಭಾಷಿಕ ಕೋಶವನ್ನು ಕಪಾಟಿನಲ್ಲಿ ಇಟ್ಟುಕೊಂಡಿರುತ್ತಾರೆ. ಎಂಬತ್ತು ದಾಟಿದ ಆ ವಿದ್ವಾಂಸರು, ಅವರ ಹೆಂಡತಿ, ಮೊಮ್ಮಗಳು, ಮೊಮ್ಮಗ, ಮನೆಗೆಲಸದ ಮುದುಕಿ, ಐದು ಜನ ಒಂದೇ ರಾತ್ರಿ ಹೋದರು. ಕೊನೆಯವನು ಕಾಲೇಜಿನ ಗೆಳೆಯನೊಬ್ಬನ ತಮ್ಮ, ಅನಿಲ್ ಗೋಖಲೆ. 1977ರ ಮಾರ್ಚ್ 23ರಂದು.

ಪ್ರಕರಣದ ಹೆಸರನ್ನೇ ನೋಡಿ. ಜೋಶಿ-ಅಭ್ಯಂಕರ್. ಮೊದಲು ಸತ್ತ ಹೆಗ್ಡೆ ಅದರಲ್ಲಿ ಇಲ್ಲ, ಕೊನೆಯಲ್ಲಿ ಸತ್ತ ಗೋಖಲೆಯೂ ಇಲ್ಲ. ಊರು ಬೆಚ್ಚಿಬಿದ್ದದ್ದು ಮನೆಗೆ ನುಗ್ಗಿ ಕುಟುಂಬಗಳನ್ನೇ ಮುಗಿಸಿದಾಗ, ಹೆಸರು ಬಿದ್ದದ್ದೂ ಆಗಲೇ. ಆದರೆ ಇಡೀ ಪ್ರಕರಣದ ಬೀಗ ತೆರೆದದ್ದು ಹೆಸರಿನಲ್ಲಿ ಜಾಗ ಸಿಗದ ಆ ಇಬ್ಬರಿಂದ. ನನಗೆ ಇದು ಯಾವ ಥ್ರಿಲ್ಲರ್‌ನ ತಿರುವಿಗಿಂತಲೂ ದೊಡ್ಡದಾಗಿ ಕಾಣುತ್ತದೆ.

ಆ ಚಳಿಗಾಲದ ಭಯವನ್ನು ಕಂಡವರು ನಮ್ಮ ಬಡಾವಣೆಯಲ್ಲಿ ಇನ್ನೂ ಇದ್ದಾರೆ. ಆಗ ಧನಕವಡಿ ಹೊಲ ತೋಟಗಳ ನಡುವಿನ ಹಳ್ಳಿ, ಪಟ್ಟಣದ ಲೆಕ್ಕಕ್ಕೇ ಇರಲಿಲ್ಲ. ಈಗ ಇಲ್ಲಿ ಮಗನ ಮನೆಯಲ್ಲಿರುವ ಕುಂದಾಪುರದ ಕಡೆಯ ಹಿರಿಯರೊಬ್ಬರು ಆಗ ಪೇಟೆಯ ಹೋಟೆಲೊಂದರಲ್ಲಿ ಸಪ್ಲೈಯರ್ ಹುಡುಗ. "ಸಂಜೆ ಆರೂವರೆಗೇ ಶಟರ್ ಎಳೀತಿದ್ವಿ ಮಾರಾಯ್ರೆ. ಗಿರಾಕಿಯೇ ಇಲ್ಲ ಅಂದ್ಮೇಲೆ ದೋಸೆ ಹುಯ್ಯೋದು ಯಾರಿಗೆ? ಒಬ್ಬ ಕತ್ತಲಲ್ಲಿ ಬಾಗಿಲು ತಟ್ಟಿದ್ರೆ ಧಣಿಗಳೇ ಮಂಚದ ಕೆಳಗೆ" ಎಂದು ನಗುತ್ತಾರೆ. ಆಮೇಲೆ ಸುಮ್ಮನಾಗಿ, "ನಮ್ಮ ಕಡೆಯ ಹುಡುಗನೇ ಮೊದಲು ಹೋದ ಅಂತ ಗೊತ್ತಾದದ್ದು ಎಲ್ಲ ಮುಗಿದ ಮೇಲೆ" ಎಂದರು.

ತುರ್ತು ಪರಿಸ್ಥಿತಿಯ ದಿನಗಳು. ಬಿಗಿ ಆಡಳಿತದ ಬಡಾಯಿ ಎಲ್ಲೆಡೆ ಕೇಳುತ್ತಿದ್ದಾಗ ಪುಣೆಯಲ್ಲಿ ಜನ ರಾತ್ರಿ ಹೊರಗೆ ಕಾಲಿಡುತ್ತಿರಲಿಲ್ಲ. ಗೋಖಲೆಯ ಹೆಣವನ್ನು ಕಬ್ಬಿಣದ ಏಣಿಗೆ ಕಟ್ಟಿ, ಕಲ್ಲಿನ ಭಾರ ಹಾಕಿ, ಬಂಡ್ ಗಾರ್ಡನ್ ಹತ್ತಿರ ನದಿಗೆ ಬಿಟ್ಟಿದ್ದರು. ಮಾರ್ಚ್ 24ರಂದು, ದಿಲ್ಲಿಯಲ್ಲಿ ಮೊರಾರ್ಜಿ ದೇಸಾಯಿ ಪ್ರಧಾನಿಯಾಗಿ ಪ್ರಮಾಣ ಸ್ವೀಕರಿಸಿದ ದಿನವೇ, ಅದು ಯೆರವಡಾ ಬಳಿ ತೇಲಿ ಬಂತು. ಎಸಿಪಿ ಮಧುಸೂದನ ಹುಲ್ಯಾಳ್‌ಕರ್ ಅವರ ತಂಡ ಕಾಲೇಜಿನ ಗೆಳೆಯರ ಬಳಗವನ್ನು ಪ್ರಶ್ನಿಸತೊಡಗಿತು. ನೈಲಾನ್ ಹಗ್ಗ ಹಿಂದಿನ ಮನೆಗಳನ್ನು ನೆನಪಿಸುತ್ತಿತ್ತು. ಆ ರಾತ್ರಿ ಎಲ್ಲಿದ್ದಿರಿ ಎಂಬ ಪ್ರಶ್ನೆಗೆ ನಾಲ್ವರ ಉತ್ತರ ಒಂದಕ್ಕೊಂದು ತಾಳೆ ಬೀಳಲಿಲ್ಲ. ಮಾರ್ಚ್ ಮುಗಿಯುವುದರೊಳಗೆ ಬಂಧನ ಆಯಿತು.

ಆಡಿಯೋ ಬುಕ್ಕಿನಲ್ಲಿ ಇಲ್ಲಿ ಸಂಗೀತ ಏರುತ್ತದೆ, ಕೇಳುವವರು ಹೆಡ್‌ಫೋನ್ ತೆಗೆಯುತ್ತಾರೆ. ಪೊಲೀಸ್ ಅಧಿಕಾರಿಗೆ ಮಾತ್ರ ನಿಜವಾದ ಸಂಕಟ ಶುರುವಾಗುವುದು ಮಾರನೆಯ ದಿನ ಬೆಳಿಗ್ಗೆ. ಯಾರು ಮಾಡಿದ್ದು ಅನ್ನುವುದು ಅವನಿಗೆ ಗೊತ್ತು. ಆ ಗೊತ್ತನ್ನು ಗೊತ್ತಿಲ್ಲದ ಒಬ್ಬರ ಮುಂದೆ, ಎದುರಾಳಿ ವಕೀಲನ ಪಾಟೀಸವಾಲಿಗೆ ಒಡ್ಡಿ, ರುಜುವಾತು ಮಾಡಬೇಕು.

ಓದುಗರಿಗೆ ತುಂಬ ಅಚ್ಚರಿ ತರುವ ಸಂಗತಿ ಒಂದಿದೆ: ಆರೋಪಿ ಠಾಣೆಯಲ್ಲಿ ಕೂತು "ಹೌದು, ನಾನೇ ಕೊಂದೆ" ಎಂದು ಹತ್ತು ಪುಟ ಹೇಳಿದರೂ ಅದು ಕೋರ್ಟಿನಲ್ಲಿ ಅವನ ವಿರುದ್ಧ ನಡೆಯುವುದಿಲ್ಲ. 1872ರ ಸಾಕ್ಷ್ಯ ಅಧಿನಿಯಮದ 25ನೇ ಕಲಮು ಅದನ್ನು ಹೊರಗಿಟ್ಟಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ 23ನೇ ಕಲಮಿನಲ್ಲಿ ಅದನ್ನೇ ಉಳಿಸಿಕೊಂಡಿದೆ. ಹೊಡೆದು ಬಾಯಿ ಬಿಡಿಸುವುದು ಠಾಣೆಗೆ ಎಷ್ಟು ಸುಲಭ ಅನ್ನುವುದು ಆ ಕಾನೂನು ಬರೆದ ಬ್ರಿಟಿಷರಿಗೇ ಗೊತ್ತಿತ್ತು. ಪೊಲೀಸರ ವಶದಲ್ಲಿರುವವನ ತಪ್ಪೊಪ್ಪಿಗೆ ಲೆಕ್ಕಕ್ಕೆ ಬರಬೇಕಾದರೆ ಮ್ಯಾಜಿಸ್ಟ್ರೇಟರ ಮುಂದೆ ಹೇಳಬೇಕು. ಅವರು ಮೊದಲು, "ನೀನು ಹೇಳಲೇಬೇಕೆಂದಿಲ್ಲ, ಹೇಳಿದರೆ ನಿನ್ನ ವಿರುದ್ಧವೇ ಬಳಕೆಯಾಗುತ್ತದೆ" ಎಂದು ಎಚ್ಚರಿಸಬೇಕು, ಯೋಚಿಸಲು ಸಮಯ ಕೊಡಬೇಕು.

ಹಾಗಾದರೆ ಠಾಣೆಯ ಮಾತೆಲ್ಲ ನೀರುಪಾಲೇ? ಒಂದು ಸಂದು ಇದೆ. ಹಳೆಯ ಕಾಯ್ದೆಯ 27ನೇ ಕಲಮು ಎಂದರೆ ವಕೀಲರ ಬಾಯಲ್ಲಿ ಅದು ಗಾದೆಯಷ್ಟೇ ಬಳಕೆಯ ಮಾತು. ಆರೋಪಿ ಹೇಳಿದ್ದರಿಂದ ಯಾವುದಾದರೂ ವಸ್ತುಸಂಗತಿ ಪತ್ತೆಯಾದರೆ, ಆ ಪತ್ತೆಗೆ ಕಾರಣವಾದ ಮಾತಿನಷ್ಟನ್ನು ಮಾತ್ರ ಕೋರ್ಟ್ ಒಳಗೆ ಬಿಟ್ಟುಕೊಳ್ಳುತ್ತದೆ. 1946ರಲ್ಲಿ ಪ್ರಿವಿ ಕೌನ್ಸಿಲ್ ಪುಲುಕುರಿ ಕೊಟ್ಟಯ್ಯ ಪ್ರಕರಣದಲ್ಲಿ ಇದಕ್ಕೆ ಗೆರೆ ಎಳೆಯಿತು. "ನಮ್ಮ ಮನೆ ಮಾಡಿನಲ್ಲಿ ಚಾಕು ಬಚ್ಚಿಟ್ಟಿದ್ದೇನೆ" ಎಂದು ಆರೋಪಿ ಹೇಳಿ, ಚಾಕು ಅಲ್ಲೇ ಸಿಕ್ಕಿದರೆ, ಆ ಮಾತು ನಡೆಯುತ್ತದೆ. "ಅದರಿಂದಲೇ ಇವನನ್ನು ಇರಿದೆ" ಎಂಬ ಬಾಲ ನಡೆಯುವುದಿಲ್ಲ. ಒಂದೇ ವಾಕ್ಯ, ಅರ್ಧ ಕೋರ್ಟಿನ ಒಳಗೆ, ಅರ್ಧ ಹೊರಗೆ. ಇರಿದದ್ದನ್ನು ಬೇರೆ ಸಾಕ್ಷಿಯಿಂದ ತೋರಿಸಬೇಕು. ವಸ್ತು ಸಿಕ್ಕಾಗ ಪಕ್ಕದಲ್ಲಿ ಪಂಚರು ಇರಬೇಕು. ಕರ್ನಾಟಕದ ಠಾಣೆಗಳಲ್ಲಿ ಮಹಜರು, ಇಲ್ಲಿ ಮಹಾರಾಷ್ಟ್ರದಲ್ಲಿ ಪಂಚನಾಮೆ. ರಸ್ತೆಯಲ್ಲಿ ಹೋಗುತ್ತಿದ್ದ ಚಹಾದಂಗಡಿಯವನನ್ನೋ ರಿಕ್ಷಾದವನನ್ನೋ ಕರೆದು ಸಹಿ ಹಾಕಿಸಿಕೊಳ್ಳುತ್ತಾರಲ್ಲ, ಆ ಸಹಿ ವರ್ಷಗಳ ಮೇಲೆ ಒಬ್ಬನ ಕುತ್ತಿಗೆಯ ಪ್ರಶ್ನೆಯಾಗುತ್ತದೆ. ಥ್ರಿಲ್ಲರ್ ಬರೆಯುವವರಿಗೆ ಈ ರಿಕ್ಷಾದವನ ಮೇಲೆ ಯಾಕೆ ಕಣ್ಣು ಬೀಳುವುದಿಲ್ಲವೋ ನನಗೆ ತಿಳಿಯದು.

ಪುಣೆಯ ಪ್ರಕರಣಕ್ಕೆ ಬೆನ್ನೆಲುಬು ಕೊಟ್ಟವನು ಇನ್ನೊಬ್ಬ. ಅದೇ ಕಾಲೇಜಿನ ಸುಹಾಸ್ ಚಂಡಕ್. ಹೆಗ್ಡೆಯ ಕೊಲೆಯಲ್ಲಿ ಅವನೂ ಜೊತೆಗಿದ್ದ. ಆಮೇಲೆ ಮಾಫಿ ಸಾಕ್ಷಿಯಾದ. ಪೇಶ್ವೆ ಪಾರ್ಕಿನ ಕೆರೆಯಿಂದ ಬ್ಯಾರೆಲ್ ಮೇಲೆ ಬಂದದ್ದೇ ಹೆಗ್ಡೆ ಮನೆ ಬಿಟ್ಟು ಓಡಿಹೋಗಿರಲಿಲ್ಲ ಅನ್ನುವುದು ಜಗತ್ತಿಗೆ ಗೊತ್ತಾಯಿತು. ಈ ಪ್ರಕರಣದ ನೆರಳಿನಲ್ಲಿ 1986ರಲ್ಲಿ ನಾನಾ ಪಾಟೇಕರ್ ನಟಿಸಿದ ಮರಾಠಿ ಚಿತ್ರ ಬಂತು, ಅದರ ಹೆಸರೂ 'ಮಾಫೀಚಾ ಸಾಕ್ಷೀದಾರ್'.

ಮಾಫಿ ಸಾಕ್ಷಿಯ ಬಗ್ಗೆ ಜನರಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಪೊಲೀಸರು ಹೆಗಲ ಮೇಲೆ ಕೈ ಹಾಕಿ "ನೀನು ಹೇಳಿಬಿಡಪ್ಪ, ಬಿಟ್ಟುಬಿಡ್ತೇವೆ" ಅಂದರೆ ಮುಗಿಯಿತು ಎಂದುಕೊಳ್ಳುತ್ತಾರೆ. ಕ್ಷಮೆ ಕೊಡುವುದು ಕೋರ್ಟ್, ಅದೂ ಷರತ್ತಿನ ಮೇಲೆ: ತನ್ನ ಪಾಲನ್ನೂ ಸೇರಿಸಿ ತನಗೆ ಗೊತ್ತಿದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಬೇಕು. ಏನಾದರೂ ಬಚ್ಚಿಟ್ಟರೆ ಕ್ಷಮೆ ಹೋಗುತ್ತದೆ, ಅವನ ಮೇಲೇ ವಿಚಾರಣೆ ನಡೆಸಬಹುದು. ಮೊದಲೇ ಜಾಮೀನಿನ ಮೇಲೆ ಇಲ್ಲದಿದ್ದರೆ ವಿಚಾರಣೆ ಮುಗಿಯುವವರೆಗೆ ಅವನು ಜೈಲಿನಲ್ಲೇ ಇರಬೇಕು. ಇಷ್ಟಾದರೂ ಕೋರ್ಟ್ ಅವನನ್ನು ಪೂರ್ತಿ ನಂಬುವುದಿಲ್ಲ. ಹಳೆಯ ಕಾನೂನಿನ ಅಕ್ಷರ ನೋಡಿದರೆ ಅವನೊಬ್ಬನ ಮಾತಿನ ಮೇಲೆ ಶಿಕ್ಷೆ ಕೊಡಬಹುದಿತ್ತು. ರೂಢಿ ಮಾತ್ರ ಬೇರೆ. ಪಾಪದಲ್ಲಿ ಪಾಲು ಪಡೆದವನ ಮಾತಿಗೆ ಮುಖ್ಯ ಸಂಗತಿಗಳಲ್ಲಿ ಹೊರಗಿನ ಆಧಾರ ಬೇಕೇ ಬೇಕು ಎಂದು ನಮ್ಮ ಕೋರ್ಟುಗಳು ಹಟ ಹಿಡಿಯುತ್ತವೆ. ಆ ಹಟ ಸರಿಯಾದದ್ದು. ತನ್ನ ಕುತ್ತಿಗೆ ಉಳಿಸಿಕೊಳ್ಳಲು ಮಾತಾಡುವವನು ಇನ್ನೊಬ್ಬನ ಕುತ್ತಿಗೆಗೆ ಹಗ್ಗ ಉದ್ದ ಮಾಡದೆ ಇರುತ್ತಾನೆಂದು ಯಾವ ನ್ಯಾಯಾಧೀಶರೂ ನಂಬಿಕೊಂಡು ಕೂರಲಾಗದು.

ಇನ್ನು 'ಸರಣಿ' ಅನ್ನುವುದರ ವಿಷಯ. ಕಥೆಯಲ್ಲಿ ಪತ್ತೇದಾರ ಗೋಡೆಗೆ ಫೋಟೋ ಅಂಟಿಸಿ, ಕೆಂಪು ದಾರ ಎಳೆದು, "ಎಲ್ಲ ಕೊಲೆಯಲ್ಲೂ ಒಂದೇ ರೀತಿ!" ಎಂದು ಕೂಗಿದರೆ ಅರ್ಧ ಗೆದ್ದ ಹಾಗೆ. ಕೋರ್ಟಿನಲ್ಲಿ ಆ ದಾರ ಸುಲಭವಾಗಿ ನಿಲ್ಲುವುದಿಲ್ಲ. ಒಬ್ಬ ಹಿಂದೆ ಏಳು ಕೊಲೆ ಮಾಡಿದ್ದಾನೆ, ಆದ್ದರಿಂದ ಎಂಟನೆಯದೂ ಅವನದೇ ಎನ್ನುವ ತರ್ಕವನ್ನು ಸಾಕ್ಷ್ಯದ ಕಾನೂನು ಮೂಲದಲ್ಲೇ ತಡೆಯುತ್ತದೆ. ಪ್ರತಿ ಕೊಲೆಯೂ ತನ್ನ ಕಾಲ ಮೇಲೆ ತಾನು ನಿಲ್ಲಬೇಕು. ಅರವತ್ತರ ದಶಕದ ಮುಂಬೈಯನ್ನು ನಡುಗಿಸಿದ ರಾಮನ್ ರಾಘವ್ ನೆನಪಿರಬಹುದು. ಎಷ್ಟೋ ಕೊಲೆಗಳನ್ನು ತಾನೇ ಮಾಡಿದ್ದೆಂದು ಅವನು ಹೇಳಿದ್ದ. ಅವನಿಗೆ ಶಿಕ್ಷೆಯಾದದ್ದು ಮಾಲಾಡ್ ಕಡೆಯ ಇಬ್ಬರ ಕೊಲೆಗೆ. ಮನೋರೋಗದ ಕಾರಣಕ್ಕೆ ಮರಣದಂಡನೆ ಜೀವಾವಧಿಗೆ ಇಳಿಯಿತು. ಕೊನೆಗೆ ಅವನು 1995ರಲ್ಲಿ ಸತ್ತದ್ದು ನಮ್ಮ ಪುಣೆಯ ಸಸೂನ್ ಆಸ್ಪತ್ರೆಯಲ್ಲಿ.

ಕರ್ನಾಟಕದವರಿಗೆ ಹತ್ತಿರದ ಉದಾಹರಣೆ ಬೇಕೆಂದರೆ ಬಂಟ್ವಾಳ ತಾಲೂಕಿನ ಶಾಲಾ ಶಿಕ್ಷಕ ಮೋಹನ್ ಕುಮಾರ್, ಜನರ ಬಾಯಲ್ಲಿ ಸಯನೈಡ್ ಮೋಹನ. ಬಡ ಮನೆಯ ಹೆಣ್ಣುಮಕ್ಕಳಿಗೆ ಮದುವೆಯ ಆಸೆ ತೋರಿಸಿ ಬೇರೆ ಊರಿಗೆ ಕರೆದೊಯ್ದು, ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಗರ್ಭ ನಿಲ್ಲದಂತೆ ಮಾಡುವ ಮಾತ್ರೆ ಎಂದು ಸಯನೈಡ್ ಕೊಡುತ್ತಿದ್ದ. ಅವರು ಶೌಚಾಲಯದಲ್ಲಿ ಕುಸಿದು ಸಾಯುತ್ತಿದ್ದರು. 2003ರಿಂದ 2009ರವರೆಗೆ ಇಪ್ಪತ್ತು ಮಂದಿ. ಒಂದೊಂದು ಸಾವೂ ಒಂದೊಂದು ಊರಿನ ಠಾಣೆಯಲ್ಲಿ ಅಸಹಜ ಸಾವು ಎಂದು ದಾಖಲಾಗಿ ಕಡತ ಮುಚ್ಚುತ್ತಿತ್ತು. ಪೇಶ್ವೆ ಪಾರ್ಕಿನ ಹುಡುಗ 'ಕಾಣೆಯಾದವನು' ಆಗಿದ್ದ ಹಾಗೆಯೇ. ಸರಣಿ ಎಂಬುದು ಹಿಂತಿರುಗಿ ನೋಡಿದಾಗ ಮಾತ್ರ ಕಾಣುವಂಥದ್ದು. 2009ರಲ್ಲಿ ಒಂದು ನಾಪತ್ತೆ ದೂರಿನ ಬೆನ್ನುಹತ್ತಿ, ಮೊಬೈಲ್ ಕರೆಗಳ ಜಾಡು ಹಿಡಿದು ಅವನನ್ನು ಹಿಡಿದರು. ಹಿಡಿದ ಮೇಲೆ ಏನಾಯಿತು? ಇಪ್ಪತ್ತು ಬೇರೆ ಬೇರೆ ವಿಚಾರಣೆ. ಮಂಗಳೂರಿನ ಕೋರ್ಟಿನಲ್ಲಿ ಮೊದಲ ಶಿಕ್ಷೆ 2013ರ ಡಿಸೆಂಬರಿನಲ್ಲಿ, ಇಪ್ಪತ್ತನೆಯ ಪ್ರಕರಣದ ತೀರ್ಪು 2020ರ ಜೂನಿನಲ್ಲಿ. ಹಲವು ಸಲ ತನ್ನ ವಕೀಲಿಕೆಯನ್ನು ಅವನೇ ಮಾಡಿಕೊಂಡ. ಒಂದು ವರ್ಷದೊಳಗೆ ನಡೆದ ಒಂದೇ ಬಗೆಯ ಅಪರಾಧಗಳಲ್ಲಿ ಹೆಚ್ಚೆಂದರೆ ಮೂರನ್ನು ಮಾತ್ರ ಒಟ್ಟಿಗೆ ಸೇರಿಸಿ ವಿಚಾರಣೆ ಮಾಡಬಹುದೆಂದು ಹಳೆಯ ಸಂಹಿತೆ ಹೇಳುತ್ತಿತ್ತು. ಹೊಸ ನಾಗರಿಕ ಸುರಕ್ಷಾ ಸಂಹಿತೆ ಅದನ್ನು ಐದಕ್ಕೆ ಏರಿಸಿದೆ. ಇಂಥ ಪ್ರಕರಣದಲ್ಲಿ ಐದೂ ಏನೇನೂ ಸಾಲದು.

ಸಯನೈಡ್ ಎಂದಾಗ ಪುಣೆಯ ಇನ್ನೊಂದು ಪ್ರಕರಣ ಹೇಳದೆ ಮುಂದೆ ಹೋಗಲಾರೆ. ಕಾನೂನು ಓದಿದ ಪ್ರತಿ ವಿದ್ಯಾರ್ಥಿಗೂ ಬಾಯಿಪಾಠವಾದ ಶರದ್ ಬಿರ್ದಿಚಂದ್ ಸಾರದಾ ಪ್ರಕರಣ. ಇದು ಸರಣಿ ಕೊಲೆಯಲ್ಲ. 1982ರಲ್ಲಿ ಮದುವೆಯಾದ ಕೆಲವೇ ತಿಂಗಳಲ್ಲಿ ಹೆಣ್ಣುಮಗಳೊಬ್ಬಳು ಪುಣೆಯ ಮನೆಯಲ್ಲಿ ಸಯನೈಡ್‌ನಿಂದ ಸತ್ತಳು. ಗಂಡನಿಗೆ ಸೆಷನ್ಸ್ ಕೋರ್ಟ್ ಮರಣದಂಡನೆ ವಿಧಿಸಿತು, ಹೈಕೋರ್ಟ್ ಸರಿ ಎಂದಿತು. 1984ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅವನನ್ನು ಬಿಡುಗಡೆ ಮಾಡಿತು. ಕಣ್ಣಾರೆ ಕಂಡವರು ಇಲ್ಲದೆ ಬರೀ ಸಾಂದರ್ಭಿಕ ಸಾಕ್ಷ್ಯದ ಮೇಲೆ ಶಿಕ್ಷೆ ಕೊಡಬೇಕಾದರೆ ಏನೇನು ಇರಬೇಕೆಂದು ಆ ತೀರ್ಪು ಐದು ಸೂತ್ರ ಹಾಕಿತು. ಅವಕ್ಕೆ ಪಂಚಶೀಲ ಎಂದೇ ಹೆಸರು. ಎಲ್ಲದರ ತಿರುಳು ಇಷ್ಟು: ಒಂದೊಂದು ಕೊಂಡಿಯೂ ಗಟ್ಟಿಯಾಗಿ ರುಜುವಾತಾಗಿರಬೇಕು, ಎಲ್ಲ ಕೊಂಡಿ ಸೇರಿದಾಗ ಈ ಆರೋಪಿಯೇ ಮಾಡಿದ್ದು ಅನ್ನುವುದನ್ನು ಬಿಟ್ಟು ಬೇರೆ ಯಾವ ಊಹೆಗೂ ಜಾಗ ಉಳಿಯಬಾರದು. 'ಮಾಡಿರಬಹುದು' ಸಾಲದು, 'ಮಾಡಿರಲೇಬೇಕು' ಆಗಬೇಕು. ಹತ್ತು ಕೊಲೆ ಮಾಡಿದ ನಾಲ್ವರನ್ನು ಯೆರವಡಾ ಜೈಲಿನಲ್ಲಿ 1983ರ ನವೆಂಬರ್ 27ರಂದು ಗಲ್ಲಿಗೇರಿಸಿ ಎಂಟು ತಿಂಗಳೂ ಆಗಿರಲಿಲ್ಲ. ಅದೇ ಊರಿನ ಇನ್ನೊಂದು ಪ್ರಕರಣದಲ್ಲಿ ಅನುಮಾನಕ್ಕೆ ಅದರ ಪಾಲು ಸಿಕ್ಕಿತು. ಮೊದಲನೆಯದನ್ನು ಊರೆಲ್ಲ ನೆನಪಿಟ್ಟುಕೊಂಡಿದೆ. ಎರಡನೆಯದನ್ನು ವಕೀಲರು ಮಾತ್ರ ನೆನಪಿಟ್ಟುಕೊಂಡಿದ್ದಾರೆ. ಇಂದಿಗೂ ದೇಶದ ಯಾವ ಮೂಲೆಯ ಕೋರ್ಟಿನಲ್ಲೂ ಕೊಲೆ ಆರೋಪಿಯೊಬ್ಬನ ಪರ ವಕೀಲ ಎದ್ದು ನಿಂತರೆ ಎರಡನೆಯದೇ ಅವನ ಕೈಯಲ್ಲಿರುತ್ತದೆ.

ಈಗ ಕಿವಿಯ ಮಾತು. ಆಡಿಯೋ ಬುಕ್ ಕೇಳುವವರು ತಮಗೆ ಗೊತ್ತಿಲ್ಲದೆಯೇ ಸೆಷನ್ಸ್ ನ್ಯಾಯಾಧೀಶರ ಕುರ್ಚಿಯಲ್ಲಿ ಕೂತಿರುತ್ತಾರೆ. ಸಾಕ್ಷಿ ಎಲ್ಲಿ ತಡವರಿಸಿದ, ಯಾವ ಪ್ರಶ್ನೆಗೆ ದನಿ ಇಳಿಯಿತು, ಯಾವುದಕ್ಕೆ ಗಿಳಿಪಾಠ ಒಪ್ಪಿಸಿದ, ಇದೆಲ್ಲ ನೇರವಾಗಿ ಕಿವಿಗೆ ಬೀಳುವುದು ಆ ಒಂದು ಕೋರ್ಟಿನಲ್ಲಿ ಮಾತ್ರ. ಸಾಕ್ಷಿಯ ಹಾವಭಾವದ ಬಗ್ಗೆ ಟಿಪ್ಪಣಿ ಬರೆದಿಡಲು ಕಾನೂನೇ ನ್ಯಾಯಾಧೀಶರಿಗೆ ಹೇಳುತ್ತದೆ. ಹೈಕೋರ್ಟ್, ಸುಪ್ರೀಂ ಕೋರ್ಟ್ ಓದುಗರು. ಅವರ ಮುಂದೆ ಇರುವುದು ಅಚ್ಚಾದ ಹಾಳೆ. ಹೀಗಾಗಿಯೇ ಸಾಕ್ಷಿಯನ್ನು ನಂಬಬೇಕೋ ಬೇಡವೋ ಎಂಬ ವಿಷಯದಲ್ಲಿ ಮೇಲಿನ ಕೋರ್ಟುಗಳು ಕೆಳಗಿನ ಕೋರ್ಟಿನ ಅಭಿಪ್ರಾಯವನ್ನು ಸುಮ್ಮಸುಮ್ಮನೆ ತಳ್ಳಿಹಾಕುವುದಿಲ್ಲ. ಅವರು ಕೇಳಿದ್ದಾರೆ, ನಾವು ಓದಿದ್ದೇವೆ ಎಂಬ ವಿನಯ ಅದು. ಒಳ್ಳೆಯ ವಾಚಕರು ಓದಿದ ಪಾಟೀಸವಾಲಿನ ಅಧ್ಯಾಯವನ್ನು ನೀವು ಓಡಿಸಿಬಿಟ್ಟರೆ, ಅಚ್ಚಿನ ಪುಸ್ತಕಕ್ಕಿಂತ ಕಿವಿಯ ಪುಸ್ತಕ ಹೆಚ್ಚಾಗಿ ಕೊಡಬಲ್ಲದ್ದನ್ನೇ ಎಸೆದ ಹಾಗೆ.

ಪುಣೆಯ ವಿಚಾರಣೆ 1978ರ ಮೇ 15ಕ್ಕೆ ಶುರುವಾಗಿ ನಾಲ್ಕು ತಿಂಗಳಿಗೂ ಹೆಚ್ಚು ನಡೆಯಿತು. ಸೆಷನ್ಸ್ ನ್ಯಾಯಾಧೀಶ ಬಾಪಟ್ ಅವರು ಸೆಪ್ಟೆಂಬರ್ 28ರಂದು ನಾಲ್ವರಿಗೂ ಮರಣದಂಡನೆ ವಿಧಿಸಿದರು. ಸೆಷನ್ಸ್ ಕೋರ್ಟ್ ಕೊಟ್ಟ ಮರಣದಂಡನೆ ಹೈಕೋರ್ಟ್ ಒಪ್ಪುವವರೆಗೆ ಬರೀ ಕಾಗದ. 1979ರ ಏಪ್ರಿಲಿನಲ್ಲಿ ಮುಂಬೈ ಹೈಕೋರ್ಟ್ ಒಪ್ಪಿತು, 1980ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಮೇಲ್ಮನವಿ ತಳ್ಳಿಹಾಕಿತು. ಮುಂದೆ ಕ್ಷಮಾದಾನದ ಅರ್ಜಿಗಳು, ಇನ್ನಷ್ಟು ಅರ್ಜಿಗಳು. ಶಿಕ್ಷೆಯಿಂದ ಗಲ್ಲಿನವರೆಗೆ ಐದು ವರ್ಷ. ಈಗಿನ ಲೆಕ್ಕದಲ್ಲಿ ಅದು ಬಲು ಬೇಗ. ಮಕ್ಕಳನ್ನು ಕದ್ದು ಕೊಂದ ಕೊಲ್ಹಾಪುರದ ಗಾವಿತ್ ಸೋದರಿಯರ ಮರಣದಂಡನೆಯನ್ನು ಸುಪ್ರೀಂ ಕೋರ್ಟ್ 2006ರಲ್ಲೇ ಖಾಯಂ ಮಾಡಿತ್ತು. ಕ್ಷಮಾದಾನದ ಅರ್ಜಿಯನ್ನು ಸರಕಾರ ವರ್ಷಗಟ್ಟಲೆ ಮೂಲೆಗಿಟ್ಟಿತೆಂದು 2022ರ ಜನವರಿಯಲ್ಲಿ ಮುಂಬೈ ಹೈಕೋರ್ಟ್ ಅದನ್ನು ಜೀವಾವಧಿಗೆ ಇಳಿಸಿತು. ಅದೇ ವರ್ಷ ನವೆಂಬರಿನಲ್ಲಿ ನಮ್ಮ ಚಿತ್ರದುರ್ಗದ ಕಡೆಯ ಕೊಲೆಗಾರ ಉಮೇಶ್ ರೆಡ್ಡಿಯ ಗಲ್ಲು ಶಿಕ್ಷೆಯನ್ನು ಸುಪ್ರೀಂ ಕೋರ್ಟ್ ಕನಿಷ್ಠ 30 ವರ್ಷದ ಜೀವಾವಧಿಗೆ ಬದಲಿಸಿತು. ಬೆಳಗಾವಿಯ ಜೈಲಿನಲ್ಲಿ ಅವನನ್ನು ವರ್ಷಾನುಗಟ್ಟಲೆ ಏಕಾಂತ ಬಂಧನದಲ್ಲಿ ಇಟ್ಟದ್ದು ಕಾನೂನಿಗೆ ವಿರುದ್ಧ ಎಂಬುದು ಕಾರಣ. ಜನ ಸಿಟ್ಟಾದರು. ಆ ಸಿಟ್ಟು ಕೋರ್ಟಿನ ಕಡೆ ತಿರುಗಿದ್ದಕ್ಕೆ ನನ್ನ ತಕರಾರಿದೆ. ಅರ್ಜಿ ಮೂಲೆಗಿಟ್ಟವರು, ಕಾನೂನು ಮೀರಿ ಕತ್ತಲಕೋಣೆಗೆ ನೂಕಿದವರು ಬೇರೆ ಕಚೇರಿಗಳಲ್ಲಿ ಕೂತಿದ್ದರು.

ಹಂತಕನ ತಲೆಯೊಳಗೆ ಹೊಕ್ಕು ಕೂರುವ ಕಥೆಗಳ ಬಗ್ಗೆ ನನಗೆ ಹಿಂದಿನಿಂದಲೂ ಕಿರಿಕಿರಿ. ಮುನವ್ವರ್ ಶಾ ಜೈಲಿನಲ್ಲಿ ಆತ್ಮಕಥೆ ಬರೆದ, ಅದನ್ನು ಓದಿದವರು ಬಹಳ. ನಾಲ್ವರ ಹೆಸರು ಪುಣೆಯ ಚಹಾದಂಗಡಿಗಳಲ್ಲಿ ಇನ್ನೂ ಉರುಳುತ್ತದೆ. ಸ್ಮೃತಿ ಬಂಗಲೆಯ ಮನೆಗೆಲಸದ ಮುದುಕಿಯ ಹೆಸರು ಎಷ್ಟು ಜನಕ್ಕೆ ಗೊತ್ತು? ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಬಾಡಿಗೆ ಪುಸ್ತಕದಂಗಡಿಯಿಂದ ತಂದು ಓದಿ ಬೆಳೆದವನು ನಾನು, ರೋಚಕತೆಗೆ ಮೂಗು ಮುರಿಯುವ ಮಡಿವಂತಿಕೆ ನನಗಿಲ್ಲ. ಆದರೆ ನಾಲ್ಕು ಜನ ಪುಂಡರಿಗೆ ಅಸಾಧ್ಯ ಬುದ್ಧಿಯ ಕಿರೀಟ ತೊಡಿಸುವುದು ಸುಳ್ಳು. ಹದಿನಾಲ್ಕು ತಿಂಗಳು ಅವರು ಉಳಿದದ್ದು ಬುದ್ಧಿಯಿಂದಲ್ಲ, ನಾಪತ್ತೆ ಕಡತವೊಂದನ್ನು ಯಾರೂ ಮನೆಗಳ ಕೊಲೆಗೆ ಜೋಡಿಸದೆ ಇದ್ದುದರಿಂದ. ಕನ್ನಡದಲ್ಲಿ ಈಗ ಆಡಿಯೋ ಪುಸ್ತಕಗಳು ಬರುತ್ತಿವೆ, ಬರೆಯುವ ಹುರುಪಿನ ಹೊಸಬರೂ ಇದ್ದಾರೆ. ಅವರು ಹಂತಕನನ್ನು ಬಿಟ್ಟು ಪಂಚನಾಮೆಗೆ ಸಹಿ ಹಾಕಿದವನ ದನಿಯಲ್ಲಿ ಒಂದು ಕಥೆ ಬರೆಯಲಿ. ಸಹಿ ಹಾಕಿದ ದಿನದಿಂದ ಸಾಕ್ಷಿಕಟ್ಟೆ ಹತ್ತುವ ದಿನದವರೆಗೆ ಅವನ ಮನೆಯಲ್ಲಿ, ಅಂಗಡಿಯಲ್ಲಿ, ನಿದ್ದೆಯಲ್ಲಿ ಏನೇನು ನಡೆಯುತ್ತದೆ ಅನ್ನುವುದಕ್ಕಿಂತ ದೊಡ್ಡ ರೋಮಾಂಚನ ನನಗಂತೂ ಹೊಳೆಯುತ್ತಿಲ್ಲ.

ಮಹಜರಿನ ಕೆಲಸ ಈಗ ಸ್ವಲ್ಪ ಬದಲಾಗಿದೆ. ಹೊಸ ಸಂಹಿತೆಯ ಪ್ರಕಾರ ಶೋಧ ಮತ್ತು ಜಪ್ತಿಯನ್ನು ಮೊಬೈಲಿನಲ್ಲಾದರೂ ಸರಿ, ದೃಶ್ಯ-ಧ್ವನಿ ಸಮೇತ ಚಿತ್ರೀಕರಿಸಲೇಬೇಕು. ವಿಡಿಯೋ ಬಂದರೂ ಸಾಕ್ಷಿಕಟ್ಟೆಗೆ ಮನುಷ್ಯರೇ ಹತ್ತಬೇಕು. "ಆ ರಾದ್ಧಾಂತ ನಮಗ್ಯಾಕೆ" ಎಂದು ಸಹಿ ಹಾಕದೆ ಜಾರಿಕೊಳ್ಳುವವರು, ಹಾಕಿ ಕೋರ್ಟಿನಲ್ಲಿ ತಿರುಗಿಬೀಳುವವರು ನಮ್ಮಲ್ಲಿ ಬೇಕಾದಷ್ಟು ಮಂದಿ. ಭಯಕ್ಕೆ ಕಾರಣವೂ ಇದೆ, ಇಲ್ಲವೆನ್ನಲಾರೆ. ಆದರೆ 2018ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ಸಾಕ್ಷಿ ರಕ್ಷಣಾ ಯೋಜನೆ ದೇಶದ ಎಲ್ಲ ಜಿಲ್ಲೆಗಳಿಗೂ ಅನ್ವಯಿಸುತ್ತದೆ. ಜಿಲ್ಲಾ ಸೆಷನ್ಸ್ ನ್ಯಾಯಾಧೀಶರೇ ಅಧ್ಯಕ್ಷರಾಗಿರುವ ಸಮಿತಿಗೆ ಅರ್ಜಿ ಕೊಟ್ಟರೆ ಬೆದರಿಕೆಯ ಮಟ್ಟ ನೋಡಿ ರಕ್ಷಣೆ ಕೊಡಬೇಕು. ಪುಣೆಯವರಾದರೆ ಶಿವಾಜಿನಗರದ ಜಿಲ್ಲಾ ನ್ಯಾಯಾಲಯ, ಬೇರೆ ಊರಿನವರಾದರೆ ನಿಮ್ಮ ಜಿಲ್ಲಾ ಕೋರ್ಟು. ಸಾಕ್ಷಿ ಹೇಳಲು ಸಮನ್ಸ್ ಬಂದರೆ ದಯವಿಟ್ಟು ಹೋಗಿ. ಹೆದರಿಕೆಯಿದ್ದರೆ ಮೊದಲು ಆ ಅರ್ಜಿ ಕೊಡಿ, ಆಮೇಲೆ ಹೋಗಿ.